ಮಾನ್ವಿಯ ಕೋಣೆ ‘ಹೂಂ’ ಅನ್ನುತ್ತಿತ್ತು

ಮಾನ್ವಿ ಊರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಏನಾಯಿತು ಎಂದು ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ‘ನೆಟ್‌ವರ್ಕ್ ಕೈಕೊಟ್ಟಿತು.’ ಕೇಳಿದವರು ತಲೆಯಾಡಿಸಿ ಚಹಾ ಮುಗಿಸುತ್ತಾರೆ. ಈ ಭಾಗದ ನೆಟ್‌ವರ್ಕಿನ ಬಗ್ಗೆ ಯಾರಿಗೂ ಒಳ್ಳೆಯ ಅಭಿಪ್ರಾಯ ಇಲ್ಲವಾದ್ದರಿಂದ ಆ ಮಾತಿಗೆ ಸಾಕ್ಷಿಯೇ ಬೇಕಾಗುವುದಿಲ್ಲ.

ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಬೆಳೆದವನು ನಾನು. ಎದುರು ಪಕ್ಷದ ವಾದವನ್ನು ಅದರ ಅತ್ಯಂತ ಗಟ್ಟಿ ರೂಪದಲ್ಲಿ ಮೊದಲು ನಾವೇ ಹೇಳಿ, ಆಮೇಲೆ ಒಡೆಯಬೇಕು ಎಂಬುದು ಅಲ್ಲಿನ ಶಿಸ್ತು. ಅವರ ವಾದದ ಗಟ್ಟಿ ರೂಪ ಇದು: ರಾಯಚೂರಿನ ಸ್ಟುಡಿಯೋದಲ್ಲಿ ನಿಂತು ಅಧ್ಯಾಪಕಿಯೊಬ್ಬರು ಪ್ರಯೋಗ ಮಾಡಿ ತೋರಿಸುತ್ತಿದ್ದರು. ಮಾನ್ವಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಪರದೆ ನೋಡುತ್ತ ಅದನ್ನೇ ಮಾಡುತ್ತಿದ್ದರು. ಅಧ್ಯಾಪಕಿಯ ಮಾತು ಅವರನ್ನು ಮುಟ್ಟಲಿಲ್ಲ. ಒಬ್ಬ ಹುಡುಗಿಯ ಮೈಮೇಲೆ ಆಸಿಡ್ ಸಿಡಿಯಿತು. ಮಾತು ಮುಟ್ಟಲಿಲ್ಲ ಅಂದಮೇಲೆ ದೋಷ ದಾರಿಯದು. ದಾರಿ ಅಂದರೆ ನೆಟ್‌ವರ್ಕ್.

ಇದರಲ್ಲಿ ಕೊನೆಯ ಹೆಜ್ಜೆ ಸುಳ್ಳು. ಆ ದಿನ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತಿದ್ದವನು ನಾನೇ. ದಾರಿ ಸ್ವಚ್ಛವಾಗಿತ್ತು. ಮೇಡಂ ಅವರ ಪ್ರತಿ ಅಕ್ಷರವೂ ಮಾನ್ವಿಯ ಗೋಡೆಯ ತನಕ ಹೋಗಿತ್ತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ವಿಶ್ವವಿದ್ಯಾಲಯಕ್ಕೆ ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು ಕಾಲೇಜು. ಎರಡೂ ಕಡೆ ಅಧ್ಯಾಪಕರ ಹುದ್ದೆಗಳು ಖಾಲಿ. ರಾಯಚೂರಿನ ಸ್ಟುಡಿಯೋದಲ್ಲಿ ಒಬ್ಬರು ಪಾಠ ಮಾಡಿದರೆ ಎರಡೂ ಊರಿನ ಕೋಣೆಗಳಲ್ಲಿ ಗೋಡೆಯ ಪರದೆಯ ಮೇಲೆ ಅದು ಬರುತ್ತದೆ. ಆ ಕೋಣೆಗಳ ಮೈಕಿನಿಂದ ವಿದ್ಯಾರ್ಥಿಗಳು ತಿರುಗಿ ಮಾತಾಡಬಹುದು. ಅಧ್ಯಾಪಕರಿಗೆ ಇದನ್ನು ಕಲಿಸುವುದು, ಕ್ಯಾಮೆರಾ ಮೈಕು ನೋಡಿಕೊಳ್ಳುವುದು, ಪ್ರತಿ ತರಗತಿಯ ವರದಿ ಕಳಿಸುವುದು ನನ್ನ ಪಾಲಿನದು.

ರಸಾಯನಶಾಸ್ತ್ರದ ಮೇಡಂ ಅತಿಥಿ ಉಪನ್ಯಾಸಕಿ. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ವರ್ಷ ಮತ್ತೆ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ದೇವದುರ್ಗದ ಬಳಿಯ ಜಾಲಹಳ್ಳಿ ಕಡೆಯ ಕುರಿ ಕಾಯುವವರ ಮನೆಯಿಂದ ಬಂದು ಈ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. ಪಾಠ ಹೇಳಿದರೆ ಗೋಡೆಗೂ ಅರ್ಥವಾಗಬೇಕು, ಹಾಗೆ ಹೇಳುತ್ತಿದ್ದರು. ಮೇಜಿನ ಮೇಲಿರುವುದನ್ನು ನೆತ್ತಿಯಿಂದ ತೋರಿಸುವ ಕ್ಯಾಮೆರಾ ಬಳಸುವುದನ್ನು ಉಳಿದವರಿಗೆ ವಾರಗಟ್ಟಲೆ ಕಲಿಸಬೇಕಾಗಿತ್ತು. ಇವರು ಒಂದು ಮಧ್ಯಾಹ್ನ ಕಲಿತು, ‘ಇಷ್ಟಕ್ಕ ಅಷ್ಟು ದೊಡ್ಡ ಟ್ರೇನಿಂಗ್ ಇಟ್ಟಿದ್ರೇನ್ ತಮ್ಮಾ?’ ಎಂದು ನಕ್ಕಿದ್ದರು.

ಕೆಡುಕು ಶುರುವಾದದ್ದು ಒಂದು ನಗೆಯಿಂದಲೇ. ಮೊದಲ ವಾರಗಳಲ್ಲೊಂದು ದಿನ ದೇವದುರ್ಗದ ಕೋಣೆಯಿಂದ ಹೊಳೆ ದಂಡೆಯ ಗೂಗಲ್ ಎಂಬ ಹಳ್ಳಿಯ ಹುಡುಗನೊಬ್ಬ ಎದ್ದು ನಿಂತ.

‘ಮೇಡಂ, ಕೇಳ್ಸವಲ್ದುರೀ. ಕೊಡದಾಗ ಬಾಯಿಟ್ಟು ಮಾತಾಡಿದಂಗ ಆಗಾಕತ್ತದ.’

ಎರಡೂ ಕೋಣೆಗಳು ಬಿದ್ದುಬಿದ್ದು ನಕ್ಕವು. ಮೇಡಂ ಕೊರಳಪಟ್ಟಿಯ ಮೈಕನ್ನು ಸ್ವಲ್ಪ ಮೇಲೆ ಸರಿಸಿ, ‘ಕೊಡದಾಗಿಂದ ಹೊರಗ ಬಂದೀನಿ ನೋಡಪಾ. ಈಗ?’ ಅಂದರು. ‘ಈಗ ಬರೋಬರ್ರಿ ಮೇಡಂ.’ ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ತರಗತಿಯಲ್ಲಿ ಯಾವ ದೂರು ಬಂದರೂ ಅದು ವಾರದ ವರದಿಗೆ ಹೋಗಬೇಕು. ವರದಿಯಲ್ಲಿ ದೂರು ದಾಖಲಾಗುವುದು ಪಾಠ ಮಾಡಿದವರ ಹೆಸರಿನ ಎದುರು. ಯಂತ್ರಕ್ಕೆ, ಕೋಣೆಗೆ, ಗೋಡೆಗೆ ಬೇರೆ ಜಾಗವಿಲ್ಲ. ಇದು ನನ್ನ ಬುದ್ಧಿವಂತಿಕೆಯಲ್ಲ, ನಾನು ಬರುವ ಮೊದಲೇ ಇದ್ದ ಪದ್ಧತಿ. ಬದಲಿಸಿ ಎಂದು ಕೇಳಿದ್ದೆ. ‘ನೋಡೋಣ’ ಎಂಬ ಉತ್ತರ ಬಂದಿತ್ತು.

ಮುಂದಿನ ವಾರ ಪಾಠ ಮುಗಿಯುವ ಹೊತ್ತಿಗೆ ಇಡೀ ಕಾರ್ಯಕ್ರಮದ ಸಂಯೋಜಕರು ಸ್ಟುಡಿಯೋಕ್ಕೆ ಬಂದರು. ನಾನು ಮೂಲೆಯಲ್ಲಿ ದೀಪದ ಕೇಬಲ್ ಸುತ್ತುತ್ತಿದ್ದೆ.

‘ಮೇಡಂ, ನಿಮ್ಮ ಹೆಸರಿನ ಮ್ಯಾಲೆ ತಕರಾರು ಬಂದದ.’

‘ಸರ್, ಅದು ಮಷಿನ್ನಿಂದು ರೀ. ಆವಾಗ್ಲೇ ಸರಿ ಮಾಡಿದ್ವಿ...’

‘ಮಷಿನ್ನಿನ ಹೆಸರು ಬರಿಯಾಕ ಬರಂಗಿಲ್ಲ. ಇನ್ನೊಂದು ತಕರಾರು ಬಂತಂದ್ರ ಮುಂದಿನ ವರ್ಷ ನಿಮ್ಮನ್ನ ತೊಗೊಳ್ಳೋದು ನನ್ನ ಕೈಯಾಗಿಲ್ಲ, ಮೊದಲ ಹೇಳೀನಿ.’

ತಲೆ ಎತ್ತಿದಾಗ ನನ್ನ ಕಣ್ಣಿಗೆ ಬಿದ್ದದ್ದು ಮೇಡಂ ಅವರ ಕೊರಳಪಟ್ಟಿಯ ಹಸಿರು ದೀಪ. ಮೈಕು ಇನ್ನೂ ತೆರೆದಿತ್ತು. ಪರದೆಯ ಮೇಲೆ ಎರಡೂ ಊರಿನ ವಿದ್ಯಾರ್ಥಿಗಳು ಚೀಲ ಹೆಗಲಿಗೇರಿಸಿಕೊಂಡವರು, ಅರ್ಧ ಎದ್ದವರು, ಇದ್ದಲ್ಲೇ ನಿಂತಿದ್ದರು. ಒಬ್ಬರೂ ಅಲುಗಲಿಲ್ಲ.

ಅಂದಿನಿಂದ ದೂರುಗಳು ನಿಂತವು.

‘ಕೇಳಸಾಕತ್ತದೇನ್ರಿ?’ ‘ಹೂಂ ರೀ ಮೇಡಂ.’ ‘ತಿಳೀತೇನ್ರಿ?’ ‘ಹೂಂ ರೀ ಮೇಡಂ.’ ಕೋಣೆ ತುಂಬ ಒಂದೇ ಧ್ವನಿ. ಸಂಯೋಜಕರು ಖುಷಿಯಾಗಿ ನಮ್ಮ ರಸಾಯನಶಾಸ್ತ್ರದ ತರಗತಿಯನ್ನು ಉಳಿದವರಿಗೆ ಮಾದರಿ ಎಂದರು. ನನಗೋ, ಸಂಪೂರ್ಣ ಒಮ್ಮತ ಕಂಡರೆ ಮೈ ತುರಿಸುತ್ತದೆ. ಇಷ್ಟು ಜನ ಇಷ್ಟು ಬೇಗ ಒಪ್ಪಿಕೊಳ್ಳುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ: ವಿಷಯ ತೀರಾ ಸುಲಭ ಇರಬೇಕು, ಇಲ್ಲವೇ ಒಪ್ಪದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿರಬೇಕು. ಆ ವಾರ ನಡೆಯುತ್ತಿದ್ದ ಪಾಠ ಸುಲಭದ್ದಾಗಿರಲಿಲ್ಲ.

ಅನುಮಾನ ಗಟ್ಟಿಯಾದದ್ದು ಒಂದು ಬಿಡುವಿನ ಹೊತ್ತಿಗೆ. ಎರಡು ತಾಸಿನ ಪಾಠದ ನಡುವೆ ಮೇಡಂ ಕಾಗದ ಜೋಡಿಸಿಕೊಳ್ಳುತ್ತ ತಲೆ ತಗ್ಗಿಸಿಯೇ ಅಂದರು: ‘ನೀರು ಕುಡದು ಬರ್ರಿ. ಹತ್ತು ನಿಮಿಷ ಬಿಟ್ಟು ಶುರು ಮಾಡೋಣ. ಆತೇನ್ರಿ?’

‘ಹೂಂ ರೀ ಮೇಡಂ.’

ದೇವದುರ್ಗದ ಕೋಣೆ ಗದ್ದಲ ಮಾಡುತ್ತ ಎದ್ದು ಹೋಯಿತು. ಮಾನ್ವಿಯ ಕೋಣೆ ಹಾಗೇ ಕೂತಿತ್ತು. ಪೆನ್ನು ಹಿಡಿದು, ನೆಟ್ಟ ಕಣ್ಣಿನಿಂದ ಪರದೆಯ ಮೇಲಿನ ಖಾಲಿ ಮೇಜನ್ನು ನೋಡುತ್ತಿತ್ತು. ಚಿತ್ರ ನಿಂತಿದೆಯೇನೋ ಎಂದುಕೊಂಡೆ. ಇಲ್ಲ, ಗೋಡೆಯ ಫ್ಯಾನು ತಿರುಗುತ್ತಿತ್ತು. ಬಿಡುವು ಕೊಟ್ಟರೆ ಏಳದ ವಿದ್ಯಾರ್ಥಿಗಳನ್ನು ನಾನು ಈ ಭೂಮಿಯ ಮೇಲೆ ನೋಡಿಲ್ಲ.

ಮರುವಾರ ಯಾರಿಗೂ ಹೇಳದೆ ಮಾನ್ವಿಗೆ ಬಸ್ ಹತ್ತಿದೆ. ಸ್ಟುಡಿಯೋ ನೋಡಿಕೊಳ್ಳಲು ಸಹೋದ್ಯೋಗಿಯನ್ನು ಕೂರಿಸಿದ್ದೆ. ಕಾಲುವೆ ನೀರಿನ ಗದ್ದೆಗಳು ಎರಡೂ ಬದಿ ಹಸಿರಾಗಿ ನಿಂತಿದ್ದವು; ಕಾಲೇಜಿನ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಅಕ್ಕಿ ಗಿರಣಿ, ತರಗತಿ ಶುರುವಾದ ಹೊಸತರಲ್ಲಿ ಬಂದ್ ಇದ್ದದ್ದು ಕೆಲವು ವಾರಗಳಿಂದ ಓಡುತ್ತಿತ್ತು. ಅದರ ಹೊಟ್ಟಿನ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯಿತು, ಅದರ ಗುಂಯ್‌ಗುಡುವಿಕೆ ಪಾದದಿಂದ ಮೇಲೇರುತ್ತಿತ್ತು. ಪಾಠ ಶುರುವಾಗುವ ಮೊದಲು ಹೋಗಿ ಕ್ಯಾಮೆರಾಕ್ಕೆ ಸಿಗದ ಹಿಂದಿನ ಬೆಂಚಿನಲ್ಲಿ ಕೂತೆ. ಹುಡುಗರು ತಿರುಗಿ ನೋಡಿದರು, ಯಾರೋ ಇನ್ಸ್‌ಪೆಕ್ಷನ್ನಿನವರೆಂದು ಮತ್ತಷ್ಟು ನೆಟ್ಟಗಾದರು.

ಮೇಡಂ ಪರದೆಯ ಮೇಲೆ ಬಂದರು. ಬಾಯಿ ಅಲುಗಿತು. ಕೋಣೆಗೆ ಬಂದದ್ದು ಹೀಗೆ: ‘ಇವತ್ತು ನಾ... ...ದ ಬಗ್ಗೆ... ...ಗಮನ ಇ... ...ಆಮೇಲೆ...’ ಮಾತಿನ ತುಂಡುಗಳು. ತುಂಡುಗಳ ನಡುವೆ ಮೌನ. ಮೌನದಲ್ಲಿ ಗಿರಣಿ.

ಮುಂದಿನ ಬೆಂಚಿನಲ್ಲಿ ಕೂತ ಹುಡುಗಿ, ತರಗತಿಯ ಪ್ರತಿನಿಧಿ, ಮೇಡಂ ಅವರ ಮುಖವನ್ನು ಹದ್ದಿನಂತೆ ನೋಡುತ್ತಿದ್ದಳು. ಮೇಡಂ ಹುಬ್ಬು ಏರಿಸಿ ತಡೆದು ನಿಂತರೆ ಅದು ಪ್ರಶ್ನೆ ಎಂದು ಲೆಕ್ಕ. ಆಗ ಆಕೆಯ ಪೆನ್ನು ಮೇಲೇಳುತ್ತಿತ್ತು. ಪೆನ್ನು ಎದ್ದ ಕೂಡಲೇ ಇಡೀ ಕೋಣೆ: ‘ಹೂಂ ರೀ ಮೇಡಂ!’

ನಾನು ಬಹಳ ಸಭೆಗಳಲ್ಲಿ ಕೂತಿದ್ದೇನೆ, ಭಯ ಹುಟ್ಟಿಸಿದ್ದು ಅದೊಂದೇ.

ಪಾಠ ಮುಗಿದ ಮೇಲೆ ಪರದೆ ಆರಿಸಿ ನಾನು ಯಾರೆಂದು ಹೇಳಿದೆ. ವಾದ ಸಿದ್ಧಮಾಡಿಕೊಂಡೇ ಎದ್ದಿದ್ದೆ. ‘ನಿಮಗ ಒಂದಕ್ಷರ ಕೇಳಿಸಿಲ್ಲ. ಹೂಂ ಅಂದ್ರಿ. ಇದರಿಂದ ಯಾರಿಗೆ ಲಾಭ ಆತು? ಕೇಳ್ಸವಲ್ದು ಅಂತ ಹೇಳಾಕ ಏನಡ್ಡಿ?’

ಪ್ರತಿನಿಧಿ ಹುಡುಗಿ ಎದ್ದು ನಿಂತಳು. ತೆಳ್ಳಗೆ, ಧ್ವನಿ ಮಾತ್ರ ಗಟ್ಟಿ.

‘ಸರ್, ಕೇಳ್ಸವಲ್ದು ಅಂದ್ರ ಯಾರ ಹೆಸರಿನ ಮುಂದ ಬರೀತೀರಿ?’

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ.

‘ಹೋದ ವರ್ಷ ಕೆಮಿಸ್ಟ್ರಿಗೆ ಯಾರೂ ಇದ್ದಿಲ್ರಿ. ಬರೇ ಬೆಂಚು ನೋಡ್ಕೊಂತ ಕುಂತು ಮನಿಗೆ ಹೋಗ್ತಿದ್ವಿ. ಈ ಮೇಡಂ ಫೋನ್ ಮಾಡಿದ್ರ ಎತ್ತತಾರ, ನೋಟ್ಸ್ ಕಳಸ್ತಾರ, ತಪ್ಪಾದ್ರ ಬೈತಾರ. ಕೇಳಲಿಲ್ಲಂದ್ರೂ ನಡೀತದ್ರಿ. ಅವರು ಹೋಗಬಾರದಷ್ಟ.’

ಹಿಂದಿನಿಂದ ಒಬ್ಬ ಹುಡುಗ ಮೆಲ್ಲಗೆ, ‘ಸರ್‌ದು ಟೈಮ್ ಮುಗೀತಲೇ, ಗಂಟಿ ಹೊಡಿ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಸ್ವಚ್ಛವಾಗಿ ಯಾರೂ ನನ್ನನ್ನು ಸೋಲಿಸಿರಲಿಲ್ಲ.

ಸೋತವನಿಗೆ ಉಳಿದದ್ದು ಯಂತ್ರ. ಕೋಣೆಯ ಮುಂದೆ ಮೈಕು ಮತ್ತು ಸ್ಪೀಕರ್ ಎರಡೂ ಸೇರಿದ ಒಂದು ಪೆಟ್ಟಿಗೆ. ಸ್ಪೀಕರಿನ ಸದ್ದು ತನ್ನದೇ ಮೈಕಿಗೆ ಹೋಗಿ ಪ್ರತಿಧ್ವನಿ ಆಗದಿರಲೆಂದು ಅದರೊಳಗೊಂದು ವ್ಯವಸ್ಥೆ ಇರುತ್ತದೆ: ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಪೆಟ್ಟಿಗೆ ದೂರದಿಂದ ಬರುವ ಧ್ವನಿಯನ್ನು ಅದುಮುತ್ತದೆ. ಗಿರಣಿಯ ಸದ್ದನ್ನು ಅದು ವಿದ್ಯಾರ್ಥಿಗಳ ಮಾತೆಂದು ತಿಳಿಯುತ್ತಿತ್ತು. ಅದರ ಲೆಕ್ಕದಲ್ಲಿ ಮಾನ್ವಿಯ ವಿದ್ಯಾರ್ಥಿಗಳು ಬೆಳಗಿನಿಂದ ಸಂಜೆ ತನಕ ಉಸಿರು ಬಿಡದೆ ಮಾತಾಡುತ್ತಿದ್ದರು. ಹಾಗಾಗಿ ಮೇಡಂ ಬಾಯಿ ತೆರೆದಾಗಲೆಲ್ಲ ಪೆಟ್ಟಿಗೆ ಅವರ ಬಾಯಿ ಮುಚ್ಚುತ್ತಿತ್ತು. ದೇವದುರ್ಗದಲ್ಲಿ ಗಿರಣಿ ಇಲ್ಲ, ತೊಂದರೆಯೂ ಅಷ್ಟಿಲ್ಲ. ರಾಯಚೂರಿನಲ್ಲಿ ನನ್ನ ಮುಂದಿನ ಹಸಿರು ಪಟ್ಟಿ ತೋರಿಸುವುದು ಇಲ್ಲಿಂದ ಧ್ವನಿ ಹೋಯಿತು ಎಂಬುದನ್ನು. ಅಲ್ಲಿ ಯಾರ ಕಿವಿಗೆ ಬಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ.

ಪೆಟ್ಟಿಗೆಯ ಮೈಕನ್ನು ಬಂದ್ ಮಾಡಿ ಸಹೋದ್ಯೋಗಿಗೆ ಫೋನ್ ಹಚ್ಚಿದೆ, ಏನಾದರೂ ಮಾತಾಡು ಅಂದೆ. ಸ್ಪೀಕರಿನಿಂದ ಅವನ ಧ್ವನಿ ಗಂಟೆಯಂತೆ ಬಂತು: ‘ಏನು ಮಾತಾಡಲೋ ಮಾರಾಯಾ? ಉಪ್ಪಿಟ್ಟು ಆರಾಕತ್ತದ.’ ಕೋಣೆ ಹೋ ಎಂದಿತು. ಹಲವು ವಾರಗಳಲ್ಲಿ ಆ ಗೋಡೆಯಿಂದ ಅವರು ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

ಪರಿಹಾರ ಇಷ್ಟೇ ಆಗಿತ್ತು: ಕೇಳುವಾಗ ಮೈಕು ಬಂದ್, ಮಾತಾಡುವಾಗ ಮಾತ್ರ ತೆರೆ. ಆದರೆ ಇದರಲ್ಲೊಂದು ಕ್ರೂರ ಹಾಸ್ಯವಿತ್ತು. ಅವರ ‘ಹೂಂ’ ಸದಾ ನಮಗೆ ಕೇಳಿಸುತ್ತಿರಬೇಕಾದರೆ ನಮ್ಮ ಮಾತು ಅವರಿಗೆ ಕೇಳಿಸದಂತೆ ಆಗಬೇಕಿತ್ತು.

ಮೇಡಂಗೆ ಎಲ್ಲ ಹೇಳಿದೆ, ಪೆನ್ನು ಎತ್ತುವ ಸಂಗತಿಯನ್ನೂ.

‘ನನ್ನ ಸಲುವಾಗೇನು?’

‘ಹೌದ್ರಿ.’

‘ಹುಚ್ಚು ಖೋಡಿಗಳು,’ ಅಂದರು. ಮುಖ ತಿರುಗಿಸಿ ಮೇಜಿನ ಮೇಲಿನ ಗಾಜಿನ ಪಾತ್ರೆಗಳನ್ನು ಒಂದೊಂದಾಗಿ ಒರೆಸತೊಡಗಿದರು. ಅವು ಒಣಗಿಯೇ ಇದ್ದವು.

ಸುಮಾರು ಒಂದೂವರೆ ತಿಂಗಳು ಮಾನ್ವಿ ನಿಜವಾಗಿ ಪಾಠ ಕೇಳಿತು. ಪ್ರಶ್ನೆಗಳು ಬಂದವು, ತಪ್ಪು ಉತ್ತರಗಳು ಬಂದವು. ತಪ್ಪು ಉತ್ತರ ಕೇಳಿ ಅಷ್ಟು ಸಮಾಧಾನಪಟ್ಟವನು ಇನ್ನೊಬ್ಬನಿರಲಿಕ್ಕಿಲ್ಲ.

ಆಮೇಲೆ ಕಮಿಟಿ ಬರುತ್ತದೆ ಎಂದಾಯಿತು. ಕಾರ್ಯಕ್ರಮವನ್ನು ಇನ್ನಷ್ಟು ಊರುಗಳಿಗೆ ಹಬ್ಬಿಸಬೇಕೋ ಬೇಡವೋ ಎಂದು ನೋಡುವ ತಂಡ. ಸಂಯೋಜಕರು ಮೂರೂ ಜಾಗ ಒಟ್ಟಿಗೆ ಜೀವಂತವಾಗಿ ಕಾಣಬೇಕೆಂದು ಮಾನ್ವಿಯ ಪ್ರಯೋಗದ ತರಗತಿಯನ್ನೇ ಆರಿಸಿದರು. ತಾಲೀಮಿನ ದಿನ ಪರದೆಯಲ್ಲಿ ಮಾನ್ವಿಯ ಹೆಸರಿನ ಪಕ್ಕ ಮೈಕಿನ ಚಿತ್ರದ ಮೇಲೊಂದು ಕೆಂಪು ಗೀಟು ಕಂಡಿತು.

‘ಇದೇನಿದು?’

‘ಕೇಳುವಾಗ ಮೈಕ್ ಬಂದ್ ಇರ್ತದ್ರಿ. ತೆರೆದ್ರ ಅವರಿಗೆ ಏನೂ ಕೇಳಂಗಿಲ್ಲ.’

‘ಕೆಂಪು ಗೀಟು ಕಂಡ್ರ ಕಮಿಟಿಯವರು ಏನಂತಾರ? ಹುಡುಗರ ಬಾಯಿ ಕಟ್ಟಿ ಕೂಡ್ಸ್ಯಾರ ಅಂತಾರ. ತೆರದಿಡ್ರಿ.’

‘ಸರ್, ಲ್ಯಾಬಿನಾಗ ಗಿರಣಿ ಜೊತಿಗೆ ಹೊಗೆ ಎಳಿಯೋ ಫ್ಯಾನೂ ಅದ. ಅಲ್ಲಿ ಇನ್ನೂ ಕೆಟ್ಟು. ಆಸಿಡ್ ಇರೋ ಜಾಗದಾಗ ಮಾತು ಮುಟ್ಟಲಿಲ್ಲಂದ್ರ...’

‘ನೀವು ಎಲ್ಲಾದಕ್ಕೂ ವಾದ ಮಾಡ್ತೀರಿ ನೋಡ್ರಿ. ಒಂದು ದಿನದ ಮಾತು. ಒಂದ ದಿನ.’

ಆ ದಿನ ಕೂತು ವಾದ ಮಾಡಿದ್ದಕ್ಕೆ ಒಂದು ಒಪ್ಪಂದ ಸಿಕ್ಕಿತು. ನಾನು ಒಪ್ಪಿದ ಆ ಒಪ್ಪಂದದ ಮೇಲೆಯೇ ಮುಂದಿನದೆಲ್ಲ ನಿಂತಿತು. ಮೈಕು ತೆರೆದಿರುತ್ತದೆ. ಆದರೆ ಗಂಧಕಾಮ್ಲವನ್ನು ನೀರು ಬೆರೆಸಿ ತೆಳುಮಾಡುವ ಅಪಾಯದ ಕೆಲಸ ವಿದ್ಯಾರ್ಥಿಗಳಿಗಿಲ್ಲ. ಅಲ್ಲಿನ ಪ್ರಯೋಗಾಲಯದ ಸಹಾಯಕರು ಎಂದಿನಂತೆ ಬೆಳಿಗ್ಗೆಯೇ ಅದನ್ನು ಮಾಡಿ ಬಾಟಲಿಗೆ ತುಂಬಿಟ್ಟಿರುತ್ತಾರೆ, ಜೊತೆಯಲ್ಲೇ ನಿಂತಿರುತ್ತಾರೆ. ವಿದ್ಯಾರ್ಥಿಗಳು ತೆಳು ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ನೋಡಿದರೆ ಸಾಕು. ಪಾಠ ಕೇಳಿಸದಿದ್ದರೂ ಯಾರಿಗೂ ಏನೂ ಆಗದಂಥ ಪ್ರಯೋಗ. ಒಳ್ಳೆಯ ಒಪ್ಪಂದವೇ ಅದು. ಒಬ್ಬ ಮನುಷ್ಯ ತನ್ನ ಜಾಗದಲ್ಲಿ ನಿಂತಿದ್ದರೆ ಸಾಕಾಗಿತ್ತು.

ಕಮಿಟಿ ಬಂದ ದಿನ ಸ್ಟುಡಿಯೋದಲ್ಲಿ ಶಾಲು ಹಾರಗಳ ವಾಸನೆ. ಹಿಂದೆ ಸಾಲಾಗಿ ಕುರ್ಚಿಗಳು. ಮೂರೂ ಜಾಗ ಒಮ್ಮೆಲೇ ಕಾಣಲೆಂದು ಪರದೆಯನ್ನು ಚೌಕ ಚೌಕವಾಗಿ ಹಂಚಿಸಿದ್ದರು. ಸಾಮಾನ್ಯವಾಗಿ ಮೇಡಂ ಅವರ ಮೇಜು ಮಾನ್ವಿಯ ಗೋಡೆ ತುಂಬ ಕಾಣುತ್ತಿತ್ತು. ಆ ದಿನ ಅದೂ ಒಂದು ಮೂಲೆಯ ಚೌಕ.

ಮೇಡಂ ಶುರುಮಾಡಿದರು. ಮಾನ್ವಿಯ ಚೌಕದಲ್ಲಿ ಪ್ರತಿನಿಧಿ ಹುಡುಗಿ ಮೈಕಿನ ಹತ್ತಿರ ಬಂದಳು.

‘ಮೇಡಂ, ಆಸಿಡ್ ಡೈಲ್ಯೂಟ್ ಮಾಡಿಲ್ರಿ. ಲ್ಯಾಬಿನ ಅಣ್ಣಾವರು ಇಲ್ರಿ. ನಮ್ಮ ಕಾಲೇಜಿಗೂ ಕಮಿಟಿ ಬರ್ತದಂತ ಅವರನ್ನ ಮುಂಜಾನಿಂದ ಕುರ್ಚಿ ಹೊರಾಕ ಹಚ್ಯಾರ. ಬೀರೂದ ಕೀಲಿ ನನ್ನ ಕಡೆ ಕೊಟ್ಟಾರ.’

ಅವಳ ಪ್ರತಿ ಮಾತೂ ನಮಗೆ ಸ್ಪಷ್ಟ. ಕಮಿಟಿಯವರೊಬ್ಬರು, ‘ಆಡಿಯೋ ಬಹಳ ಚೆನ್ನಾಗಿದೆ’ ಎಂದು ಮೆಚ್ಚಿದರು.

ನಾನು ಬಗ್ಗಿ ಮೇಡಂಗೆ ಪಿಸುಗುಟ್ಟಿದೆ: ‘ಬ್ಯಾಡ್ರಿ. ಪ್ರಯೋಗ ಕೈಬಿಡ್ರಿ. ಥಿಯರಿ ಹೇಳ್ರಿ.’ ಮೇಡಂ ಹಿಂದೆ ತಿರುಗಿ ಸಂಯೋಜಕರನ್ನು ನೋಡಿದರು. ಅವರು ನಗುತ್ತಲೇ ಕೈ ಬೀಸಿದರು. ‘ಅದನ್ನೂ ನೀವ ಹೇಳಿ ಮಾಡಸ್ರಿ ಮೇಡಂ. ಚಲೋನ ಆತು. ದೂರದಿಂದ ಏನೇನು ಕಲಿಸಬಹುದು ಅಂತ ಸಾಹೇಬರೂ ನೋಡ್ಲಿ.’

ಮೇಡಂ ಒಂದು ಕ್ಷಣ ಮೇಜಿನ ಅಂಚು ಹಿಡಿದು ನಿಂತರು. ಆ ಕ್ಷಣದಲ್ಲಿ ಅವರ ತಲೆಯಲ್ಲಿ ಏನಿತ್ತೋ ನಾನು ಹೇಳಲಾರೆ. ಊಹಿಸಬಲ್ಲೆ. ಊಹೆ ಸಾಕ್ಷಿಯಲ್ಲ.

ಆಮೇಲೆ ಅವರು ಹೇಳಿದ್ದರಲ್ಲಿ ಒಂದು ಕೊರತೆಯೂ ಇರಲಿಲ್ಲ. ಮೊದಲು ನೀರು, ಆಮೇಲೆ ಆಸಿಡ್ ಎಂದರು. ಹನಿಹನಿಯಾಗಿ, ಗಾಜಿನ ಕಡ್ಡಿಗುಂಟ, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಎಂದರು. ಉಲ್ಟಾ ಮಾಡಿದರೆ ಕುದ್ದು ಸಿಡಿಯುತ್ತದೆ ಎಂದರು. ಮತ್ತೆ ಹೇಳಿದರು. ‘ಕೇಳಿಸ್ತೇನ್ರಿ?’ ‘ಹೂಂ ರೀ ಮೇಡಂ.’ ನನ್ನ ಮುಂದಿನ ಪಟ್ಟಿ ಎಲೆಯಷ್ಟು ಹಸಿರು.

ನೆತ್ತಿಯ ಕ್ಯಾಮೆರಾದಲ್ಲಿ ನೀರೂ ಬಣ್ಣವಿಲ್ಲದ್ದು, ಆಮ್ಲವೂ ಬಣ್ಣವಿಲ್ಲದ್ದು. ಆ ಸಣ್ಣ ಚೌಕದಲ್ಲಿ ಕಾಣುವುದು ಒಂದು ಕೈ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಏನನ್ನೋ ಸುರಿಯುತ್ತಿರುವುದು ಮಾತ್ರ. ಯಾವುದರಿಂದ ಯಾವುದಕ್ಕೆ ಎಂದು ಹೇಳಬೇಕಾದದ್ದು ಮಾತು.

ನಾನು ಮೂಲೆಗೆ ಸರಿದು ಮಾನ್ವಿ ಕಾಲೇಜಿನ ಆಫೀಸಿಗೆ ಫೋನ್ ಹಚ್ಚಿದೆ. ಆ ಮೈಕನ್ನು ರಾಯಚೂರಿನಿಂದ ಬಂದ್ ಮಾಡಲು ಬರುವುದಿಲ್ಲ; ಲ್ಯಾಬಿಗೆ ಯಾರನ್ನಾದರೂ ಓಡಿಸಿ, ಮೈಕು ಬಂದ್ ಮಾಡಿಸಿ ಎನ್ನಬೇಕಿತ್ತು. ರಿಂಗ್ ಆಗುತ್ತಿತ್ತು. ಎಲ್ಲರೂ ಕುರ್ಚಿ ಜೋಡಿಸುತ್ತಿದ್ದಿರಬೇಕು. ಕಿವಿಯಲ್ಲಿ ರಿಂಗ್, ಕಣ್ಣಲ್ಲಿ ಪರದೆ. ಹುಡುಗಿ ಆಸಿಡ್ ಸುರಿದಿಟ್ಟಿದ್ದ ದೊಡ್ಡ ಪಾತ್ರೆಯನ್ನು ಎಳೆದುಕೊಂಡಳು. ನೀರಿನದನ್ನು ಎತ್ತಿದಳು.

‘ಅದಲ್ಲ!’ ಎಂದರು ಮೇಡಂ. ಆಮೇಲೆ ಚೀರಿದರು. ‘ನಿಂದ್ರವಾ! ಅದಲ್ಲ, ನಿಂದ್ರು!’

ಮಾನ್ವಿಯ ಚಿತ್ರ ನಮ್ಮನ್ನು ತಲುಪಲು ಕೆಲವು ಸೆಕೆಂಡು ಬೇಕು. ಪರದೆಯ ಮೇಲೆ ಅವಳಿನ್ನೂ ಸುರಿಯುತ್ತಿದ್ದಳು. ಮಾನ್ವಿಯಲ್ಲಿ ಅದಾಗಲೇ ಮುಗಿದಿತ್ತು. ಆ ನಡುವಿನ ಹೊತ್ತಿನಲ್ಲಿ ಅವಳು ಪೆನ್ನಿಲ್ಲದ ಕೈಯನ್ನು ಹಾಗೇ ಸ್ವಲ್ಪ ಮೇಲೆತ್ತಿದ್ದು ಕಂಡಿತು. ಚೀರುವ ಮೊದಲು ಏರಿದ ಮೇಡಂ ಅವರ ಹುಬ್ಬನ್ನು ಅವಳು ಪ್ರಶ್ನೆ ಎಂದುಕೊಂಡಿದ್ದಳು. ಹಿಂದಿದ್ದ ಕೋಣೆ ಒಕ್ಕೊರಲಿನಿಂದ ಹೇಳಿತು: ‘ಹೂಂ ರೀ ಮೇಡಂ.’

ಆಮೇಲೆ ಪಾತ್ರೆ ಸಿಡಿದ ಸದ್ದು ಬಂತು. ಬಹಳ ಸ್ಪಷ್ಟವಾಗಿ ಬಂತು.

ಪರದೆಯ ಕಡೆ ಮುಖ ತಿರುಗಿಸಿದ್ದರಿಂದ ಅವಳ ಕಣ್ಣು ಉಳಿಯಿತು. ಮುಂಗೈ ಮತ್ತು ಕೊರಳಿನ ಒಂದು ಬದಿ ಸುಟ್ಟವು. ಗೆಳತಿಯೊಬ್ಬಳು ಎಳೆದೊಯ್ದು ನಲ್ಲಿಯ ಕೆಳಗೆ ಹಿಡಿದಿದ್ದಕ್ಕೆ ಗಾಯ ಅಷ್ಟಕ್ಕೇ ನಿಂತಿತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಕಲೆ ಹೋಗುವುದಿಲ್ಲ ಎಂದೂ ಹೇಳಿದರಂತೆ.

ಸಂಜೆಯೊಳಗೆ ‘ನೆಟ್‌ವರ್ಕ್’ ಹುಟ್ಟಿತ್ತು. ಅದು ವಿಚಾರಣೆಯ ದಿನದವರೆಗೆ ಬದುಕಿತು. ವಿಚಾರಣೆಗೆ ಬಂದ ಅಧಿಕಾರಿ ಲೈನಿನ ವರದಿ ತರಿಸಿಕೊಂಡಿದ್ದರು; ಆ ಹೊತ್ತಿನಲ್ಲಿ ಒಂದು ಕ್ಷಣವೂ ಸಂಪರ್ಕ ಕಡಿದಿರಲಿಲ್ಲ. ಕ್ಯಾಂಟೀನಿನಲ್ಲಿ ಇಂದಿಗೂ ಓಡುವ ಮಾತು ವಿಚಾರಣೆಯ ಮೇಜಿನ ಮೇಲೆ ಐದು ನಿಮಿಷ ನಿಲ್ಲಲಿಲ್ಲ. ಹಾಗಾದರೆ ತಪ್ಪು ಹೊರಲು ಬೇರೆ ಯಾರಾದರೂ ಬೇಕಾಯಿತು.

ವಿಚಾರಣೆ ನಡೆದದ್ದೂ ಅದೇ ಸ್ಟುಡಿಯೋದಲ್ಲಿ, ಅದೇ ಪರದೆಯ ಮೂಲಕ. ಅಧಿಕಾರಿ, ಹೇಳಿದ್ದನ್ನು ಬರೆಯುವವರೊಬ್ಬರು, ಸಂಯೋಜಕರು, ಮೇಡಂ, ನಾನು ಇಲ್ಲಿ. ಮಾನ್ವಿಯ ಪ್ರಾಂಶುಪಾಲರ ಕೋಣೆಯಲ್ಲಿ ಹುಡುಗಿ, ಅವಳ ತಾಯಿ. ಆ ಕೋಣೆ ಗಿರಣಿಯಿಂದ ದೂರ. ಅಲ್ಲಿ ಎಲ್ಲವೂ ಎಲ್ಲರಿಗೂ ಕೇಳಿಸುತ್ತಿತ್ತು.

ನನ್ನ ಸರದಿ ಬಂದಾಗ ಪೆಟ್ಟಿಗೆ, ಗಿರಣಿ, ಕೆಂಪು ಗೀಟು ಎಲ್ಲ ಹೇಳಿದೆ.

‘ಆ ದಿನ ನೀವು ಮಾನ್ವಿಯ ಲ್ಯಾಬಿನಲ್ಲಿದ್ದಿರಾ?’

‘ಇಲ್ಲ.’

‘ಅಲ್ಲಿ ಕೇಳಿಸಲಿಲ್ಲ ಎಂದು ಅಲ್ಲಿದ್ದವರು ಯಾರಾದರೂ ಹೇಳಿದ್ದಾರೆಯೇ? ರೆಕಾರ್ಡಿಂಗಿನಲ್ಲಿ ಎಲ್ಲರೂ ಹೂಂ ಅಂದಿದ್ದಾರೆ.’

ಪ್ರಶ್ನೆ ಸರಿಯಾಗಿತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅವರು ಪರದೆಯ ಕಡೆ ತಿರುಗಿದರು.

‘ನೀನು ಹೇಳಮ್ಮ. ಮೇಡಂ ಹೇಳಿದ್ದು ನಿನಗೆ ಕೇಳಿಸುತ್ತಿತ್ತಾ?’

ಹುಡುಗಿಯ ಕೈಗೆ ಬಿಳಿ ಪಟ್ಟಿ. ದುಪಟ್ಟಾ ಕೊರಳಿನವರೆಗೆ ಎಳೆದುಕೊಂಡಿದ್ದಳು. ನಮ್ಮ ಕಡೆ ನೋಡಿ, ಮೇಡಂ ಇದ್ದಾರೆಂದು ಖಚಿತ ಮಾಡಿಕೊಂಡು ಹೇಳಿದಳು.

‘ಬರೋಬರ್ ಕೇಳಿಸ್ತಿತ್ರಿ. ಮೇಡಂ ಅವರದು ಏನೂ ತಪ್ಪಿಲ್ರಿ. ನಾನ ಗಡಿಬಿಡಿ ಮಾಡಿದೆ.’

ಪಕ್ಕದಲ್ಲಿದ್ದ ತಾಯಿ, ‘ಯವ್ವಾ, ಹಂಗ್ಯಾಕಂತೀ...’ ಎಂದು ಅವಳ ತೋಳು ಹಿಡಿದರು. ಹುಡುಗಿ ತೋಳು ಬಿಡಿಸಿಕೊಂಡಳು.

ಸಂಯೋಜಕರು ಉಸಿರು ಬಿಟ್ಟದ್ದು ಕೇಳಿಸಿತು. ಅಧಿಕಾರಿ ಬರೆಯುವವರ ಕಡೆ ತಿರುಗಿ ಹೇಳಿಸತೊಡಗಿದರು: ಸೂಚನೆ ಸ್ಪಷ್ಟವಾಗಿ ಕೇಳಿಸಿದ್ದರೂ ವಿದ್ಯಾರ್ಥಿನಿ ಪಾಲಿಸಿಲ್ಲ. ಇದು ವಿದ್ಯಾರ್ಥಿನಿಯ ನಿರ್ಲಕ್ಷ್ಯ. ಈ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವಂತಿಲ್ಲ. ಉಪನ್ಯಾಸಕಿಯ ಮೇಲೆ ಯಾವ ದೂರೂ ಇಲ್ಲ.

ಪರೀಕ್ಷೆಗೆ ಕೂರಿಸುವಂತಿಲ್ಲ ಎಂಬುದು ಕಿವಿಗೆ ಬಿದ್ದಾಗ ಹುಡುಗಿಯ ಮುಖ ಒಮ್ಮೆ ಕದಲಿತು. ಅದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಮೇಡಂ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಎರಡೂ ಕೈ ತೊಡೆಯ ಮೇಲೆ. ಪೆನ್ನು ಎತ್ತಿದರೆ ಕೋಣೆ ಹೂಂ ಅನ್ನುತ್ತದೆ ಎಂದು ನಾನೇ ಅವರಿಗೆ ಹೇಳಿದ್ದೆ. ಆ ದಿನ ಮೈಕು ತೆರೆದಿತ್ತು ಎಂದೂ ಅವರಿಗೆ ಗೊತ್ತು. ಈ ಕೋಣೆಯಲ್ಲಿ ಹುಡುಗಿಯ ಮಾತನ್ನು ಸುಳ್ಳೆಂದು ಹೇಳಿ ನಂಬಿಸಬಲ್ಲವರು ಅವರೊಬ್ಬರೇ, ಹಾಗೆ ಹೇಳಿದರೆ ದೂರಿನ ವರದಿಗೆ ಹೆಸರು ಹೋಗುವುದೂ ಅವರೊಬ್ಬರದೇ.

ನನ್ನ ಸರದಿ ಮುಗಿದಿದೆ ಎಂದು ಅಧಿಕಾರಿ ಕೈ ಎತ್ತಿದರು. ನಾನು ನಿಲ್ಲಲಿಲ್ಲ. ನಮ್ಮ ಕಡೆಯ ಮೈಕು ತೆರೆದಿತ್ತು. ಪರದೆಯಲ್ಲಿ ಹುಡುಗಿಯೂ ಅವಳ ತಾಯಿಯೂ ನಮ್ಮನ್ನೇ ನೋಡುತ್ತಿದ್ದರು.

‘ಮೇಡಂ,’ ಅಂದೆ, ‘ಆಕಿ ಹೇಳಾಕತ್ತಿದ್ದು ಖರೇ ಏನ್ರಿ?’